"ಈ ಕಪ್ಪು ಪೇಂಟಾ?" ಅಂತ ಕೇಳುವವರಿಗೆ

ನನ್ನ ಮೇಜಿನ ಮೇಲೆ ಅಂಗೈಗಿಂತ ಸ್ವಲ್ಪ ಚಿಕ್ಕದಾದ ಲೋಹದ ಬಿಲ್ಲೆ ಒಂದಿದೆ. ನಡುವೆ ಉದ್ದನೆಯ ತೂತು, ಪಕ್ಕದಲ್ಲಿ ಇನ್ನೊಂದು ಸಣ್ಣದು. ಹಳೆಯ ಜಪಾನಿ ಕತ್ತಿಯ ಹಿಡಿಗೂ ಅಲಗಿಗೂ ಮಧ್ಯೆ ಕೂರುವ ತಡೆ ಇದು. ಹೆಸರು ತ್ಸುಬಾ. ಸಣ್ಣ ತೂತು ಒರೆಯ ಪಕ್ಕ ಸಿಕ್ಕಿಸಿಕೊಳ್ಳುತ್ತಿದ್ದ ಪುಟ್ಟ ಚಾಕುವಿಗೆ. ಮನೆಗೆ ಬಂದವರು ಇದನ್ನು ಎತ್ತಿ ನೋಡಿ ಕೇಳುವುದು ಒಂದೇ ಮಾತು: "ಈ ಕಪ್ಪು ಪೇಂಟಾ? ಉಜ್ಜಿದ್ರೆ ಹೋಗುತ್ತಾ?"

ಪೇಂಟ್ ಅಲ್ಲ. ಆದರೆ ಉಜ್ಜಿದರೆ ಖಂಡಿತ ಹೋಗುತ್ತದೆ. ಒಮ್ಮೆ ಅಮ್ಮ ಇದನ್ನು ಸಿಂಕಿನ ಪಕ್ಕ ಇಟ್ಟುಕೊಂಡು ಹುಣಸೆಹಣ್ಣು ನೆನೆಸುತ್ತಿದ್ದರು. ಪುಣ್ಯಕ್ಕೆ ನಾನು ನೀರು ಕುಡಿಯಲು ಅಡುಗೆಮನೆಗೆ ಹೋಗಿದ್ದೆ.

ಈ ಲೋಹದ ಹೆಸರು ಶಕುದೋ. ತಾಮ್ರಕ್ಕೆ ನೂರರಲ್ಲಿ ಮೂರರಿಂದ ಐದು ಪಾಲಿನಷ್ಟು ಚಿನ್ನ ಸೇರಿಸಿ ಕರಗಿಸಿದ್ದು. ಇದನ್ನು ಮೈಲುತುತ್ತ ಮತ್ತು ತಾಮ್ರದ ಕಿಲುಬು ಹಾಕಿದ ನೀರಿನಲ್ಲಿ ಕುದಿಸಿದರೆ ಮೇಲ್ಮೈ ನೀಲಿ ಮಿಶ್ರಿತ ಕಪ್ಪಾಗುತ್ತದೆ, ಕಾಗೆಯ ರೆಕ್ಕೆಯ ಹಾಗೆ. ಅಡಿಕೆ ತೋಟದವರು ಔಷಧಿ ಹೊಡೆಯಲು ಸುಣ್ಣದ ಜೊತೆ ಬೆರೆಸುತ್ತಾರಲ್ಲ, ಅದೇ ಮೈಲುತುತ್ತ. ನೀರಿಗಿಳಿಸುವ ಮುಂಚೆ ತುರಿದ ಮೂಲಂಗಿಯಲ್ಲಿ ಹೊರಳಿಸುತ್ತಾರೆ. ಇಲ್ಲದಿದ್ದರೆ ಬಣ್ಣ ತೇಪೆ ತೇಪೆಯಾಗಿ ಬರುತ್ತದೆ. ಬೆರಳಿನ ಜಿಡ್ಡು ಇದ್ದರಂತೂ ಕೆಲಸ ಕೆಟ್ಟಿತು.

ಅದೇ ನೀರಿಗೆ ಬೇರೆ ಬೇರೆ ಲೋಹ ಬೇರೆ ಬೇರೆ ಬಣ್ಣ ತಳೆಯುತ್ತದೆ. ಮೂರು ಪಾಲು ತಾಮ್ರಕ್ಕೆ ಒಂದು ಪಾಲು ಬೆಳ್ಳಿ ಸೇರಿದ ಶಿಬುಇಚಿ ಬೂದು ಬಣ್ಣಕ್ಕೆ ತಿರುಗುತ್ತದೆ. ಬರಿ ತಾಮ್ರ ಕಂದುಗೆಂಪಾಗುತ್ತದೆ. ಚಿನ್ನಕ್ಕೆ ಏನೂ ಆಗುವುದಿಲ್ಲ. ಬೀದರ್‌ನ ಬಿದರಿ ಕೆಲಸ ನೋಡಿದವರಿಗೆ ಇದು ಹೊಸದಲ್ಲ. ಅಲ್ಲಿ ಕೋಟೆಯ ಮಣ್ಣು, ನವಸಾಗರ. ಸತುವಿನ ಪಾತ್ರೆ ಕಪ್ಪಾಗುತ್ತದೆ, ಕೂರಿಸಿದ ಬೆಳ್ಳಿ ಹಾಗೇ ಹೊಳೆಯುತ್ತದೆ.

ನನಗೆ ಬೆರಗು ಹುಟ್ಟಿಸುವುದು ಕುದಿಸುವ ಕೆಲಸಕ್ಕಿಂತ ಅದರ ಹಿಂದಿನ ತಿಂಗಳುಗಳು. ಕೆತ್ತುವಾಗ ಶಕುದೋ ಕಪ್ಪಾಗಿರುವುದಿಲ್ಲ, ತಾಮ್ರದ ಹಾಗೇ ಕಾಣುತ್ತದೆ. ರಾತ್ರಿಯ ಆಕಾಶ, ಬೂದು ಮೋಡ, ಚಿನ್ನದ ಚಂದ್ರ ಅಂತ ಕುಶಲಕರ್ಮಿ ಲೋಹಗಳನ್ನು ಒಂದರೊಳಗೊಂದು ಕೂರಿಸುತ್ತಾನೆ. ಚಂದ್ರ ಬಿಟ್ಟರೆ ಉಳಿದ ಬಣ್ಣವೆಲ್ಲ ಅವನ ತಲೆಯಲ್ಲಿ ಮಾತ್ರ. ಕೊನೆಯ ದಿನ ನೀರಿನಿಂದ ತೆಗೆದಾಗಲೇ ಚಿತ್ರ ಕಾಣುವುದು. ನನ್ನ ಬಿಲ್ಲೆಯ ಹಿನ್ನೆಲೆಯಲ್ಲಿ ಗಸಗಸೆಯಂಥ ಚುಕ್ಕಿಗಳ ಸಾಲುಗಳಿವೆ. ಅದಕ್ಕೆ ನನಾಕೊ, ಅಂದರೆ ಮೀನಿನ ಮೊಟ್ಟೆ ಅನ್ನುತ್ತಾರೆ. ಒಂದೊಂದು ಚುಕ್ಕಿಯೂ ಒಂದೊಂದು ಸುತ್ತಿಗೆ ಏಟು. ಎಣಿಸಲು ಕೂತು ಸೋತಿದ್ದೇನೆ.

ಕಪ್ಪು ಶಕುದೋ, ಮೀನಿನ ಮೊಟ್ಟೆ, ಚಿನ್ನ: ಇದು ಗೋತೊ ಎಂಬ ಲೋಹ ಕೆತ್ತನೆಗಾರರ ಮನೆತನದ ಶೈಲಿ. ಗೋತೊ ಯೂಜೊ (1440–1512) ಶುರುಮಾಡಿದ ಕೆಲಸ 17 ತಲೆಮಾರು ನಡೆಯಿತು. ಶೋಗನ್‌ಗಳು, ಅಂದರೆ ಜಪಾನ್ ಆಳುತ್ತಿದ್ದ ಸೇನಾಧಿಪತಿಗಳು, ಮತ್ತು ದೊಡ್ಡ ಸಾಮಂತರು ಇವರ ಗಿರಾಕಿಗಳು. ನನಗೆ ಇವರ ಕೆಲಸ ಸ್ವಲ್ಪ ಜಾಸ್ತಿ ಶಿಸ್ತು ಅನಿಸುತ್ತದೆ. ಅವರ ದಾರಿ ಬಿಟ್ಟು ಊರಿನ ಜನರಿಗಾಗಿ ಕೆತ್ತಿದ ಯೊಕೊಯಾ ಸೋಮಿನ್ ನನಗೆ ಇಷ್ಟ. ಅವನ ಉಳಿಯ ಗೆರೆ ಕುಂಚದ ಗೆರೆಯ ಹಾಗೆ ಒಮ್ಮೆ ದಪ್ಪ, ಒಮ್ಮೆ ಸಪೂರ. ಆ ಹೊತ್ತಿಗೆ ಎದೊ ಕಾಲದ, ಅಂದರೆ ತೊಕುಗಾವ ಶೋಗನ್‌ಗಳ ಆಳ್ವಿಕೆಯ ಶಾಂತಿ. ಕತ್ತಿ ಒರೆಯಿಂದ ಹೊರಬರುತ್ತಿದ್ದುದೇ ಅಪರೂಪ. ಕಾಣುವುದು ಹಿಡಿ, ಬಿಲ್ಲೆ ಮಾತ್ರ. ದುಡ್ಡು ಅಲ್ಲಿಗೇ ಹರಿಯಿತು.

1876ರಲ್ಲಿ, ಶೋಗನ್‌ಗಳ ನಂತರ ಬಂದ ಮೇಜಿ ಸರ್ಕಾರ ಸಾರ್ವಜನಿಕವಾಗಿ ಕತ್ತಿ ಕಟ್ಟಿಕೊಳ್ಳುವುದನ್ನು ನಿಷೇಧಿಸಿತು. ಸೇನೆ, ಪೊಲೀಸರಂಥ ಕೆಲವರಿಗಷ್ಟೇ ವಿನಾಯಿತಿ. ಗಿರಾಕಿಗಳೇ ಹೋದರು. ಹಲವರು ಹೂದಾನಿ, ಡಬ್ಬಿ ಮಾಡಿ ವಿದೇಶಕ್ಕೆ ಕಳಿಸಿ ಬದುಕಿದರು. ಕತ್ತಿಯ ಬಿಲ್ಲೆ ಕೆತ್ತುತ್ತಿದ್ದ ಕಾನೊ ನತ್ಸುಓ ಇದಕ್ಕೂ ಮುಂಚೆಯೇ ಹೊಸ ಯೆನ್ ನಾಣ್ಯಗಳ ಕೆತ್ತನೆಗೆ ಕೈ ಹಾಕಿದ್ದರು. 1890ರಲ್ಲಿ ಟೋಕಿಯೊದ ಕಲಾಶಾಲೆಯಲ್ಲಿ ಪ್ರಾಧ್ಯಾಪಕರಾದರು.

ನನ್ನ ಬಿಲ್ಲೆಯಲ್ಲಿ ಯಾರ ಸಹಿಯೂ ಇಲ್ಲ. ಅಲಗು ತೂರುತ್ತಿದ್ದ ತೂತಿನ ಅಂಚು ಸವೆದು, ಒಂದು ಕಡೆ ಕಪ್ಪು ಹೋಗಿ ತಾಮ್ರದ ಕೆಂಪು ಇಣುಕುತ್ತದೆ. ಪೇಂಟಾ ಅಂತ ಕೇಳಿದವರಿಗೆ ನಾನು ಮೊದಲು ತೋರಿಸುವುದು ಅದನ್ನೇ.