ಮೂರೂವರೆ ಕೆಜಿ ಹೆಗಲಿಂದ ಇಳಿಸಿದ್ಮೇಲೆ

ಟ್ರಾವೆಲ್ ಫೋಟೋಗ್ರಫಿನೇ ನನ್ನ ಕೆಲಸ, ಹೊಟ್ಟೆಪಾಡು ಅದ್ರಿಂದಾನೇ. ತುಂಬಾ ವರ್ಷ ನಿಕಾನ್ ಡಿ850 ಕ್ಯಾಮೆರಾ ಹೊತ್ಕೊಂಡೇ ತಿರುಗಿದೀನಿ. ಬ್ಯಾಟರಿ ಸೇರಿ ಬಾಡಿನೇ 1005 ಗ್ರಾಂ, 24-70 ಎಂಎಂ ಎಫ್2.8 ಲೆನ್ಸು (ಎಫ್2.8 ಅಂದ್ರೆ ಬಾಯಿ ದೊಡ್ಡದು, ಬೆಳಕು ಜಾಸ್ತಿ ಒಳಗೆ ಬರುತ್ತೆ) 1070, ದೂರದ್ದನ್ನ ಹತ್ತಿರ ಎಳೆಯೋ 70-200 ಎಫ್2.8 ಇನ್ನೊಂದು 1430, ಎಲ್ಲಾ ಕೂಡಿದ್ರೆ ಮೂರೂವರೆ ಕೆಜಿ, ಇದ್ರಲ್ಲಿ ಟ್ರೈಪಾಡು ಚಾರ್ಜರು ನೀರಿನ ಬಾಟ್ಲಿ ಯಾವ್ದೂ ಲೆಕ್ಕಕ್ಕಿಲ್ಲ. ದುಡ್ಡು ತಗೊಂಡು ಫೋಟೋ ತೆಗೆಯೋನ ಹತ್ರ ಇಷ್ಟಾದ್ರೂ ಇರ್ಲೇಬೇಕು ಅಂತ ನಂಬಿದ್ದೆ.

ಎಂಟು ದಿನದ ಒಂದು ಅಸೈನ್‌ಮೆಂಟಲ್ಲಿ ಮೂರನೇ ದಿನಕ್ಕೇ ಹೆಗಲು ಹಿಡ್ಕೊಂಡ್ಬಿಡ್ತು, ಇವತ್ತೊಂದಿನ ಬೇಡ ಅಂತ 70-200 ರೂಮಲ್ಲೇ ಇಟ್ಟು ಬೆಟ್ಟ ಹತ್ತಿದೆ. ಸಂಜೆ ನೋಡಿದ್ರೆ ಎದುರಿನ ಗುಡ್ಡದ ಸಾಲು ಒಂದರ ಹಿಂದೊಂದು ಮಂಜಲ್ಲಿ ತೇಲ್ತಿದೆ, ಕೆಳಗಿನ ಕಾಲುದಾರೀಲಿ ಒಬ್ರು ಕುರಿ ಹೊಡ್ಕೊಂಡು ಬರ್ತಿದಾರೆ, ಕುರಿಗಳ ಬೆನ್ನ ಮೇಲೆ ಮಾತ್ರ ಬಿಸಿಲು. ಆ ಫ್ರೇಮಿಗೆ ಬೇಕಾದ ಲೆನ್ಸು ರೂಮಲ್ಲಿ. ತುಂಬಾ ಸಂಕಟ ಆಯ್ತು.

ಆದ್ರೆ ನನಗೆ ಪಾಠ ಆಗಿದ್ದು ಅದಲ್ಲ, ರಾತ್ರಿ ಕೂತು ಆ ದಿನದ ಫೋಟೋ ನೋಡಿದಾಗ ಕಂಡಿದ್ದು. ಬೆಳಗ್ಗೆ ತೆಗೆದದ್ರಲ್ಲಿ ಮಂಡಿ ಊರಿ ತೆಗೆದದ್ದಿದೆ, ಗೋಡೆ ಹತ್ತಿ ತೆಗೆದದ್ದಿದೆ, ಮಧ್ಯಾಹ್ನದ ಮೇಲಿನವೆಲ್ಲಾ ನಿಂತ ಎತ್ತರದಿಂದ್ಲೇ, ಒಂದೂ ಬಗ್ಗಿ ತೆಗೆದದ್ದಿಲ್ಲ. ಹಿಂದಿನ ದಿನಗಳದ್ದು ತೆಗೆದು ನೋಡಿದೆ, ಅವೂ ಹಾಗೇ. ತೂಕಕ್ಕೆ ಸುಸ್ತಾಗಿ ನಾನು ಕೂರೋದನ್ನೇ ಬಿಟ್ಟಿದ್ದೆ, ಅದು ನನಗೇ ಗೊತ್ತಾಗಿರ್ಲಿಲ್ಲ.

ಊರಿಗೆ ಬಂದ್ಮೇಲೆ ಲೈಟ್‌ರೂಮ್ ಅನ್ನೋ ಫೋಟೋ ಸಾಫ್ಟ್‌ವೇರಲ್ಲಿ ಪ್ರಿಂಟಾದ ಫೋಟೋಗಳನ್ನಷ್ಟೇ ಫೋಕಲ್ ಲೆಂಥ್ (ಲೆನ್ಸ್ ಎಷ್ಟು ಹತ್ತಿರಕ್ಕೆ ಎಳೀತು ಅನ್ನೋ ಎಂಎಂ ಅಂಕಿ) ಪ್ರಕಾರ ಫಿಲ್ಟರ್ ಮಾಡಿದೆ, ಹೆಚ್ಚಿನವು 24ರಿಂದ 50 ಎಂಎಂ ಒಳಗೇ ಇದ್ವು, ಅಂದ್ರೆ 70-200 ಬೇಕಾಗಿದ್ದು ಕಮ್ಮಿ. ಗೇರ್ ಬದಲಾಯಿಸೋ ಯೋಚನೆ ಇರೋರು ಯಾರ ರಿವ್ಯೂ ನೋಡೋಕೂ ಮುಂಚೆ ಇದೊಂದು ಮಾಡಿ, ದಯವಿಟ್ಟು.

ಕೊನೆಗೆ ಫ್ಯೂಜಿ ಎಕ್ಸ್-ಟಿ30 ಅನ್ನೋ ಚಿಕ್ಕ ಕ್ಯಾಮೆರಾ ತಗೊಂಡೆ. ಬಾಡಿ 383 ಗ್ರಾಂ, 18-55 ಲೆನ್ಸು 310, 23 ಎಂಎಂ ಎಫ್2 180, ದೂರಕ್ಕೆ 55-200 ಒಂದು 580. ಎಲ್ಲಾ ಸೇರಿ ಒಂದೂವರೆ ಕೆಜಿನೂ ಇಲ್ಲ. ಇದು ಮಿರರ್‌ಲೆಸ್, ಹಳೇದ್ರಂಗೆ ಒಳಗೆ ಕನ್ನಡಿ ಇಲ್ದಿರೋದ್ರಿಂದ ಲೆನ್ಸ್ ಕೂರೋ ಮೌಂಟಿಂದ ಚಿತ್ರ ಹಿಡಿಯೋ ಸೆನ್ಸರಿಗೆ 17.7 ಎಂಎಂ ಅಂತರ ಸಾಕು, ನಿಕಾನ್ ಎಫ್ ಮೌಂಟಲ್ಲಿ ಅದು 46.5, ಹಂಗಾಗಿ ಬಾಡಿ ತೆಳ್ಳಗೆ. ಆದ್ರೆ ಮಿರರ್‌ಲೆಸ್ ಅಂದ ತಕ್ಷಣ ಹಗುರ ಅಂದ್ಕೋಬೇಡಿ, ತೂಕ ಜಾಸ್ತಿ ಇರೋದು ಗಾಜಲ್ಲಿ. ಸೋನಿಯ ಮೊದಲ 70-200 ಎಫ್2.8 ಜಿಎಂ 1480 ಗ್ರಾಂ, ನನ್ನ ಹಳೇ ಲೆನ್ಸಿಗಿಂತ ಜಾಸ್ತಿನೇ. ನನಗೆ ತೂಕ ಉಳಿದಿದ್ದು ಚಿಕ್ಕ ಸೆನ್ಸರ್ ಒಪ್ಕೊಂಡಿದ್ದಕ್ಕೆ, ಎಲ್ಲಾ ಕಡೆ ಎಫ್2.8 ಬೇಕು ಅನ್ನೋ ಹಠ ಬಿಟ್ಟಿದ್ದಕ್ಕೆ.

ಕಳ್ಕೊಂಡಿದ್ದೂ ಇದೆ. ಡಿ850ರ ಬ್ಯಾಟರಿಗೆ ಕಂಪನಿ ಲೆಕ್ಕದಲ್ಲಿ 1840 ಶಾಟ್, ಇದಕ್ಕೆ 380ರ ಆಸುಪಾಸು. ಮೊದಲ ಟ್ರಿಪ್ಪಲ್ಲಿ ಎರಡೇ ಬ್ಯಾಟರಿ ಒಯ್ದಿದ್ದೆ, ಮಧ್ಯಾಹ್ನಕ್ಕೇ ಎರಡೂ ಖಾಲಿ, ಕ್ಲೈಂಟ್ ಕಡೆಯವರು ಪಕ್ಕದಲ್ಲೇ ನಿಂತಿದ್ರು. ಈಗ ನಾಲ್ಕು ಇರ್ತವೆ, ಜೊತೆಗೊಂದು ಪವರ್‌ಬ್ಯಾಂಕು. ಎಕ್ಸ್-ಟಿ30ಗೆ ವೆದರ್ ಸೀಲಿಂಗೂ ಇಲ್ಲ, ಮಳೆ ಹನಿ ಬಿದ್ರೆ ಕವರ್ ಹಾಕ್ಲೇಬೇಕು. ಕತ್ತಲಲ್ಲಿ ಬೆಳಕಿನ ಸೂಕ್ಷ್ಮತೆ, ಅಂದ್ರೆ ಐಎಸ್‌ಒ ಏರಿಸಿದ್ರೆ ಹಳೇ ಕ್ಯಾಮೆರಾದಷ್ಟು ಕ್ಲೀನ್ ಬರಲ್ಲ, ಅದು ನಿಜ.

ಕ್ಲೈಂಟ್ ಒಬ್ರು ಇದನ್ನ ನೋಡಿ "ಸರ್, ದೊಡ್ಡ ಕ್ಯಾಮೆರಾ ತಂದಿಲ್ವಾ?" ಅಂತ ಕೇಳಿದ್ರು. ಬಾಯಲ್ಲಿ ಏನೂ ಹೇಳ್ಲಿಲ್ಲ, ಅವತ್ತೇ ರಾತ್ರಿ ಹತ್ತು ಫೋಟೋ ಕಳಿಸಿದೆ, ಆಮೇಲೆ ಆ ಮಾತೇ ಬರ್ಲಿಲ್ಲ.

ಡಿ850 ಮಾರಿಲ್ಲ, ರಾತ್ರಿ ಸ್ಟೇಜ್ ಶೋ ಇದ್ರೆ, ಕಾಡುಪ್ರಾಣಿ ಕೆಲಸ ಬಂದ್ರೆ ಅದೇ ಹೊರಡುತ್ತೆ. ಮಿಕ್ಕಿದ್ದಕ್ಕೆಲ್ಲಾ ಚಿಕ್ಕದು. ಹೋದ ಟ್ರಿಪ್ಪಿನ ಕಡೇ ದಿನದ ಫೋಟೋ ಮೊನ್ನೆ ನೋಡ್ತಿದ್ದೆ, ಸಂಜೆ ಆರು ಗಂಟೆಗೆ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ ತೆಗೆದದ್ದೊಂದಿದೆ, ಹುಲ್ಲಿನ ತುದಿ ಲೆನ್ಸಿಗೆ ತಾಗ್ತಿದೆ.