ಕಾಲು ಮಾತ್ರೆ, ರಾತ್ರಿ ಒಂಬತ್ತು ಗಂಟೆ

ರಾಮಸ್ವಾಮಿ ಸರ್ಕಲ್ಲಿನ ಸಿಗ್ನಲ್‌ನಲ್ಲಿ ಸ್ಕೂಟರ್ ಮೇಲೆ ಕೂತಹಾಗೇ ನನಗೆ ಕಣ್ಣು ಹತ್ತಿತ್ತು. ಬೆಳಗಿನ ಒಂಬತ್ತೂವರೆ. ಹಿಂದಿದ್ದ ಆಟೋದವರು ಹಾರ್ನ್ ಒತ್ತಿದಾಗಲೇ ದೀಪ ಹಸಿರಾಗಿದ್ದು ಗೊತ್ತಾದದ್ದು. ಗಾಡಿ ಪಕ್ಕಕ್ಕೆ ಹಾಕಿ ನಿಂತೆ, ಕೈ ನಡುಗುತ್ತಿತ್ತು. ಹಿಂದಿನ ರಾತ್ರಿ ಒಂದು ಗಂಟೆಗೆ ನಿದ್ರೆ ಬರಲೆಂದು ನುಂಗಿದ್ದ ಮೆಲಟೋನಿನ್ ಮಾತ್ರೆ ನೆನಪಾಯಿತು. ಹತ್ತು ಮಿಲಿಗ್ರಾಂ.

ಬೆಂಗಳೂರಿನಲ್ಲಿ ಆರು ವರ್ಷ ಅಮೆರಿಕದ ಗ್ರಾಹಕರ ಶಿಫ್ಟ್ ಮಾಡಿದವಳು ನಾನು. ಮಧ್ಯರಾತ್ರಿ ದಾಟಿದ ಮೇಲೆ ಕ್ಯಾಬ್ ಹತ್ತಿ ಮನೆ ಸೇರುವುದು, ಎರಡೂವರೆ ಮೂರಕ್ಕೆ ಮಲಗುವುದು. ಹೋದ ವರ್ಷ ಅಮ್ಮನ ಜೊತೆ ಇರಬೇಕೆಂದು ಮೈಸೂರಿಗೆ ಬಂದೆ, ಹಗಲಿನ ಕೆಲಸ ಹಿಡಿದೆ. ಶಿಫ್ಟ್ ಬಿಟ್ಟರೂ ನಿದ್ರೆಯ ಹೊತ್ತು ಬದಲಾಗಲಿಲ್ಲ. ಹನ್ನೊಂದಕ್ಕೆ ಮಲಗಿದರೆ ಎರಡೂವರೆಯವರೆಗೆ ಫ್ಯಾನಿನ ಸದ್ದು ಕೇಳುತ್ತಾ ಹೊರಳಾಟ. ಹಳೆಯ ಸಹೋದ್ಯೋಗಿಯೊಬ್ಬಳು ಆನ್‌ಲೈನ್‌ನಲ್ಲಿ ತರಿಸಿದ್ದ ಡಬ್ಬಿ ಕೊಟ್ಟಳು. ದೊಡ್ಡ ತೊಂದರೆಗೆ ದೊಡ್ಡ ಡೋಸೇ ಬೇಕು ಅಂದುಕೊಂಡು, ನಿದ್ರೆ ಬಾರದೆ ಸಾಕಾದ ಮೇಲೆ, ಒಂದು ಗಂಟೆಗೆ ನುಂಗುತ್ತಿದ್ದೆ. ಬೆಳಿಗ್ಗೆ ತಲೆ ಕಲ್ಲಿನಂತೆ ಭಾರ, ರಾತ್ರಿಯಿಡೀ ವಿಚಿತ್ರ ಕನಸು.

ಸಿಗ್ನಲ್‌ನ ಘಟನೆಯಾದ ಮೇಲೆ ವೈದ್ಯರ ಹತ್ತಿರ ಹೋದೆ. ಅವರು ಮಾತ್ರೆಯ ವಿಷಯವನ್ನೇ ಎತ್ತಲಿಲ್ಲ. ಗೊರಕೆ ಇದೆಯಾ, ಕಾಫಿ ಎಷ್ಟು, ಬೇರೆ ಔಷಧಿ ಏನಾದರೂ ನಡೆಯುತ್ತಿದೆಯಾ, ಗರ್ಭಿಣಿಯಾ ಎಂದೆಲ್ಲ ಕೇಳಿ, "ಎರಡು ವಾರ ಮಲಗಿದ ಹೊತ್ತು, ಎದ್ದ ಹೊತ್ತು ಬರೆದುಕೊಂಡು ಬನ್ನಿ" ಅಂದರು. ಬರೆದೆ. ಆ ಹಾಳೆಯಲ್ಲಿ ಭಾನುವಾರಗಳ ಮೇಲೆ ಬೆರಳಿಟ್ಟು ತೋರಿಸಿದರು. ರಜೆಯ ದಿನ ನಾನು ಎರಡೂವರೆಯಿಂದ ಹತ್ತೂವರೆಯವರೆಗೆ ಒಮ್ಮೆಯೂ ಎಚ್ಚರಾಗದೆ ಮಲಗಿದ್ದೆ. "ನಿಮಗೆ ನಿದ್ರೆ ಬರುವುದಿಲ್ಲ ಅಂತಲ್ಲ, ನಿದ್ರೆಯ ಹೊತ್ತು ಮುಂದಕ್ಕೆ ಜಾರಿದೆ."

ಮೆಲಟೋನಿನ್ ನಿದ್ರೆಮಾತ್ರೆ ಅಲ್ಲ ಅನ್ನುವುದು ನನಗೆ ಸರಿಯಾಗಿ ತಿಳಿದದ್ದು ಆವತ್ತು. ಮಿದುಳಿನ ಪೀನಿಯಲ್ ಗ್ರಂಥಿ ಕತ್ತಲಾದ ಮೇಲೆ ಸುರಿಸುವ ಹಾರ್ಮೋನು ಅದು. 1958ರಲ್ಲಿ ಯೇಲ್ ವಿಶ್ವವಿದ್ಯಾಲಯದ ಏರನ್ ಲರ್ನರ್ ದನಗಳ ಪೀನಿಯಲ್ ಗ್ರಂಥಿಗಳಿಂದ ಅದನ್ನು ಬೇರ್ಪಡಿಸಿದರು. ಅವರು ಚರ್ಮದ ವೈದ್ಯರು, ಹುಡುಕುತ್ತಿದ್ದದ್ದು ಕಪ್ಪೆಯ ಚರ್ಮದ ಬಣ್ಣ ತಿಳಿಯಾಗಿಸುವ ವಸ್ತುವನ್ನು! ದೇಹಕ್ಕೆ ಇದು "ರಾತ್ರಿಯಾಯಿತು" ಎಂದು ತಿಳಿಸುತ್ತದೆ, ಅಷ್ಟೇ. ಆ ಮಾತು ಮೆಲ್ಲಗೆ ಹೇಳಿದರೂ ಸಾಕು. ಸುಮಾರು 0.3 ಮಿಲಿಗ್ರಾಂ ನುಂಗಿದರೇ ರಕ್ತದಲ್ಲಿ ಅದರ ಮಟ್ಟ ಸಹಜ ರಾತ್ರಿಯಷ್ಟಕ್ಕೆ ಏರುತ್ತದೆ. ನಾನು ನುಂಗುತ್ತಿದ್ದದ್ದು ಅದರ ಮೂವತ್ತು ಪಟ್ಟು.

ಮನೆಗೆ ಬಂದು ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಿದೆ. ಮಾಮೂಲಿ ಮಾತ್ರೆಯ ಅಂಶ ಮುಕ್ಕಾಲು ಗಂಟೆಯಿಂದ ಒಂದು ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಗಂಟೆಗೊಮ್ಮೆ ಎಂದೇ ಇಟ್ಟುಕೊಂಡರೆ, ಒಂದಕ್ಕೆ ಹತ್ತು, ಎರಡಕ್ಕೆ ಐದು, ಮೂರಕ್ಕೆ ಎರಡೂವರೆ, ಹೀಗೆ ಬೆಳಗಿನ ಆರಕ್ಕೂ 0.3ರ ಹತ್ತಿರ. ಸೂರ್ಯ ಹುಟ್ಟುವ ಹೊತ್ತಿಗೂ ನನ್ನ ಮೈಗೆ "ಇನ್ನೂ ರಾತ್ರಿ" ಎಂದು ನಾನೇ ಹೇಳುತ್ತಿದ್ದೆ. ಬೆಳಗಿನ ಹೊತ್ತಿನ ಮೆಲಟೋನಿನ್ ದೇಹದ ಗಡಿಯಾರವನ್ನು ಇನ್ನಷ್ಟು ತಡ ಮಾಡುತ್ತದೆ ಎಂದು ಕೇಳಿದಾಗ ನಿಜಕ್ಕೂ ಸಂಕಟವಾಯಿತು.

ವೈದ್ಯರು ನನಗೆ ಬರೆದುಕೊಟ್ಟದ್ದು ಮೂರು ಮಿಲಿಗ್ರಾಂ ಮಾತ್ರೆಯ ಕಾಲು ಭಾಗ, ರಾತ್ರಿ ಒಂಬತ್ತಕ್ಕೆ. ಅಂದರೆ ನನಗೆ ತಾನಾಗಿ ನಿದ್ರೆ ಬರುವ ಹೊತ್ತಿಗಿಂತ ಐದಾರು ಗಂಟೆ ಮೊದಲೇ. ನುಂಗಿದ ಮೇಲೆ ಗಾಡಿ ಮುಟ್ಟುವಂತಿಲ್ಲ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯನ್ನು ತುಂಡು ಮಾಡಬಾರದು, ಮಾಮೂಲಿಯದನ್ನು ಮಾಡಬಹುದು ಎಂದೂ ಹೇಳಿದರು. ಮೊದಲ ದಿನ ಸ್ಟೀಲ್ ತಟ್ಟೆಯ ಮೇಲೆ ಬ್ಲೇಡಿನಿಂದ ಕತ್ತರಿಸಿದಾಗ ಅರ್ಧ ಪುಡಿಯಾಯಿತು, ಇನ್ನರ್ಧ ಹಾರಿ ಒಲೆಯ ಕೆಳಗೆ ಹೋಯಿತು. ಆಮೇಲೆ ಮೆಡಿಕಲ್ ಶಾಪಿನಲ್ಲಿ ಮಾತ್ರೆ ಕತ್ತರಿಸುವ ಪುಟ್ಟ ಡಬ್ಬಿ ತಂದೆ.

ಮಾತ್ರೆಗಿಂತ ಬೆಳಕೇ ದೊಡ್ಡದು ಎಂದು ಅವರು ಒತ್ತಿ ಹೇಳಿದ್ದರು. ಒಂಬತ್ತಾದ ಮೇಲೆ ಟ್ಯೂಬ್‌ಲೈಟ್ ಆರಿಸಿ ಝೀರೋ ಬಲ್ಬ್, ಫೋನು ಅಡುಗೆಮನೆಯಲ್ಲಿ. ಎದ್ದ ಕೂಡಲೇ ಅರ್ಧ ಗಂಟೆ ಮಹಡಿಯ ಮೇಲೆ ಬಿಸಿಲಿಗೆ. ಆದರೆ ಮೊದಲ ದಿನವೇ ಆರಕ್ಕೆ ಏಳಬೇಡಿ, ಎಂಟೂವರೆಯಿಂದ ಶುರುಮಾಡಿ ವಾರಕ್ಕೆ ಅರ್ಧರ್ಧ ಗಂಟೆ ಹಿಂದಕ್ಕೆ ತನ್ನಿ ಅಂದರು. ಭಾನುವಾರವೂ ಅದೇ ಹೊತ್ತು. ಅದೇ ನನಗೆ ಎಲ್ಲಕ್ಕಿಂತ ಕಷ್ಟವಾದದ್ದು. ಐದು ವಾರಕ್ಕೆ ಹನ್ನೆರಡರ ಒಳಗೆ ಕಣ್ಣು ಮುಚ್ಚತೊಡಗಿತು.

ಇದನ್ನು ನೋಡಿ ಅಮ್ಮ ಒಂದು ರಾತ್ರಿ, "ನಂಗೂ ಒಂದು ಚೂರು ಕೊಡೇ, ಮೂರು ಗಂಟೆಗೇ ಎಚ್ಚರ ಆಗತ್ತೆ" ಅಂದರು. ಕೊಡಲಿಲ್ಲ. ಅಮ್ಮನಿಗೆ ಹೃದಯದ ಕವಾಟ ಬದಲಾಯಿಸಿದೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ನಡೆಯುತ್ತಿದೆ. ಅದರ ಜೊತೆ ಮೆಲಟೋನಿನ್ ಸೇರಿದರೆ ರಕ್ತಸ್ರಾವದ ಭಯ ಹೆಚ್ಚಬಹುದು. ಬಿಪಿ, ಸಕ್ಕರೆ, ಮೂರ್ಛೆರೋಗದ ಔಷಧಿ ತೆಗೆದುಕೊಳ್ಳುವವರೂ ಕೇಳದೆ ಮುಟ್ಟಬಾರದು. ಖಿನ್ನತೆಗೆ ಕೊಡುವ ಫ್ಲುವಾಕ್ಸಮಿನ್ ಅಂತೂ ರಕ್ತದಲ್ಲಿ ಮೆಲಟೋನಿನ್ ಮಟ್ಟವನ್ನು ವಿಪರೀತ ಏರಿಸುತ್ತದೆ. ಅಮ್ಮನದು ಬೇರೆಯೇ ತೊಂದರೆ, ಅವರ ವೈದ್ಯರನ್ನೇ ಕೇಳಿದೆವು. ಸಂಜೆಯ ಮಾತ್ರೆಯೊಂದರ ಹೊತ್ತು ಬದಲಾಯಿಸಿದರು, ಮಧ್ಯಾಹ್ನದ ನಿದ್ರೆ ಅರ್ಧ ಗಂಟೆಗೆ ಇಳಿಸಿದರು.

ಅಣ್ಣ ಅಮೆರಿಕದಿಂದ ಬಂದಾಗ ತಂದಿದ್ದ, ಮಿಠಾಯಿಯಂತೆ ಜಗಿಯುವ ಮೆಲಟೋನಿನ್ ಗಮ್ಮಿಗಳನ್ನು ನಾನು ಬೀರುವಿನ ಮೇಲಿನ ಖಾನೆಗೆ ಸೇರಿಸಿ ಬೀಗ ಹಾಕಿದೆ. ಅವನ ಐದು ವರ್ಷದ ಮಗ ಅದನ್ನು ಚಾಕಲೇಟು ಅಂದುಕೊಂಡು ಕೈ ಹಾಕಿದ್ದ. 2023ರಲ್ಲಿ ಅಲ್ಲಿ ಮಾರುವ 25 ಬಗೆಯ ಗಮ್ಮಿಗಳನ್ನು ಪರೀಕ್ಷಿಸಿದಾಗ 22ರಲ್ಲಿ ಚೀಟಿಗೂ ಒಳಗಿನ ಪ್ರಮಾಣಕ್ಕೂ ತಾಳೆಯಾಗಲಿಲ್ಲ. ಒಂದರಲ್ಲಿ ಮೆಲಟೋನಿನ್ನೇ ಇರಲಿಲ್ಲ, ಇನ್ನೊಂದರಲ್ಲಿ ಬರೆದದ್ದಕ್ಕಿಂತ ಮೂರು ಪಟ್ಟಿಗೂ ಹೆಚ್ಚು.

ವರ್ಷಗಟ್ಟಲೆ ನಿದ್ರೆ ಬಾರದೆ ಒದ್ದಾಡುವವರಿಗೆ ಈ ಮಾತ್ರೆ ಅಷ್ಟೇನೂ ಕೆಲಸ ಮಾಡುವುದಿಲ್ಲ. ಅಂಥವರಿಗೆ ನಿದ್ರೆಯ ಅಭ್ಯಾಸಗಳನ್ನೇ ತಿದ್ದುವ ಸಿಬಿಟಿ ಚಿಕಿತ್ಸೆಯನ್ನೇ ಮೊದಲು ಕೊಡುತ್ತಾರೆ. ನನ್ನದು ಜಾರಿದ ಗಡಿಯಾರವಾದ್ದರಿಂದ ಉಪಯೋಗಕ್ಕೆ ಬಂತು. ಮುಂದಿನ ತಿಂಗಳು ನಿಲ್ಲಿಸಿ ನೋಡೋಣ ಎಂದಿದ್ದಾರೆ ವೈದ್ಯರು. ಡಬ್ಬಿಯಲ್ಲಿ ಇನ್ನು ಹನ್ನೊಂದು ಚೂರು ಉಳಿದಿವೆ.