ಮೆಕೇನ್ ಒಳ್ಳೆಯವರೇ, ಅಢಾವೆ ಪತ್ರಿಕೆ ಓದಲಿಲ್ಲ ಅಷ್ಟೆ

ಸೊಸೈಟಿ ಚುನಾವಣೆ ಹತ್ತಿರ ಬಂದರೆ ಶಿರಸಿ ಸೀಮೆಯಲ್ಲಿ ಒಂದು ಮಾತು ಕೇಳಿಯೇ ಕೇಳುತ್ತದೆ: "ಅಂವ ಒಳ್ಳೇ ಮನ್ಶ ಮಾರಾಯಾ, ಅವಂಗೊಂದು ವೋಟು ಇರ್ಲಿ." ಹಾಗೆ ಆರಿಸಿಬಂದ ಡೈರೆಕ್ಟರು ವಾರ್ಷಿಕ ಸಭೆಯಲ್ಲಿ ಅಢಾವೆ ಪತ್ರಿಕೆಯ (ಆಸ್ತಿ-ಸಾಲದ ಲೆಕ್ಕಪಟ್ಟಿಯ) ಮೇಲೆ ಪ್ರಶ್ನೆ ಎದ್ದ ಕೂಡಲೇ ಸೆಕ್ರೆಟರಿಯ ಮುಖ ನೋಡುತ್ತಾರೆ. 2008ರ ಅಧ್ಯಕ್ಷ ಚುನಾವಣೆಯಲ್ಲಿ ಒಬಾಮ ಎದುರು ಸೋತ ಅಮೆರಿಕದ ರಿಪಬ್ಲಿಕನ್ ಸೆನೆಟರ್ ಜಾನ್ ಮೆಕೇನ್ ಬಗ್ಗೆ ಈಗ ಉದಾರವಾದಿಗಳೂ ಇದೇ ಧಾಟಿಯಲ್ಲಿ ಮಾತಾಡುತ್ತಾರೆ. 2018ರಲ್ಲಿ ಅವರು ತೀರಿಕೊಂಡ ಮೇಲೆ, ಅದರಲ್ಲೂ ಟ್ರಂಪ್ ಆಡಳಿತ ಕಂಡ ಮೇಲೆ, "ಮೆಕೇನ್ ಗೆದ್ದಿದ್ದರೂ ಏನೂ ತೊಂದರೆ ಇರಲಿಲ್ಲ" ಎನ್ನುವುದು ರೂಢಿಯಾಗಿದೆ. ನ್ಯೂಜೆರ್ಸಿಯಲ್ಲೋ ಟೆಕ್ಸಾಸಿನಲ್ಲೋ ವೋಟು ಹಾಕುವ ಮಕ್ಕಳಿರುವ ನಮ್ಮ ಕಡೆಯ ಮನೆಗಳಲ್ಲೂ ಅದೇ ಮಾತು. ತೊಂದರೆ ಇತ್ತು. ಅದು 2008ರ ಸೆಪ್ಟೆಂಬರ್ 15ರಿಂದ ಅಕ್ಟೋಬರ್ 7ರವರೆಗಿನ ದಿನಗಳಲ್ಲಿ ದಿನಾಂಕ ಸಮೇತ ಇದೆ.

ಮೊದಲು ಅವರಿಗೆ ಸಲ್ಲಬೇಕಾದ್ದು. ಬುಷ್ ಅವರ 2001 ಮತ್ತು 2003ರ ತೆರಿಗೆ ಕಡಿತಗಳ ವಿರುದ್ಧ ಮತ ಹಾಕಿದ ಬೆರಳೆಣಿಕೆಯ ರಿಪಬ್ಲಿಕನ್ ಸೆನೆಟರ್‌ಗಳಲ್ಲಿ ಅವರೂ ಒಬ್ಬರು. ಚುನಾವಣಾ ದೇಣಿಗೆಗೆ ಲಗಾಮು ಹಾಕಿದ 2002ರ ಕಾನೂನಿನಲ್ಲಿ ಅವರ ಹೆಸರೇ ಇದೆ. ಗೃಹಸಾಲ ಕೊಳ್ಳುವ ಫ್ಯಾನಿ ಮೇ, ಫ್ರೆಡ್ಡಿ ಮ್ಯಾಕ್ ಸಂಸ್ಥೆಗಳ ಮೇಲೆ ಬಿಗಿ ನಿಗಾ ಬೇಕೆಂಬ ಮಸೂದೆಗೆ 2006ರಲ್ಲಿ ಸಹಪ್ರಾಯೋಜಕರಾಗಿ ಹೆಸರು ಕೊಟ್ಟಿದ್ದರು. 2008ರ ಅಕ್ಟೋಬರಿನಲ್ಲಿ ಮಿನ್ನೆಸೋಟದ ಸಭೆಯೊಂದರಲ್ಲಿ ಒಬ್ಬ ಹೆಂಗಸು ಒಬಾಮ "ಅರಬ" ಎಂದಾಗ, ಮೈಕು ಹಿಂದಕ್ಕೆ ತೆಗೆದುಕೊಂಡು, ಇಲ್ಲಮ್ಮಾ, ಅವರು ಸಂಸಾರವಂತ ಸಜ್ಜನ ಎಂದು ತಿದ್ದಿದ್ದರು. (ಅರಬರಾದರೆ ಸಜ್ಜನರಾಗುವುದಿಲ್ಲವೇ ಎಂಬ ಪ್ರಶ್ನೆ ಉಳಿಯಿತು, ಇರಲಿ.) ಇಷ್ಟೆಲ್ಲ ಇದ್ದ ಮನುಷ್ಯ ಹಣಕಾಸಿನ ವಿಷಯ ತನಗೆ ತಿಳಿಯಬೇಕಾದಷ್ಟು ತಿಳಿದಿಲ್ಲ ಎಂದು 2007ರ ಕೊನೆಯಲ್ಲಿ ತಾವೇ ಒಪ್ಪಿಕೊಂಡಿದ್ದರು. ಒಪ್ಪಿಕೊಂಡಿದ್ದು ಒಳ್ಳೆಯದೇ. ಆಮೇಲೆ ಒಂಬತ್ತು ತಿಂಗಳು ಏನು ಮಾಡಿದರು ಎಂಬುದು ನನ್ನ ತಕರಾರು.

ಸೆಪ್ಟೆಂಬರ್ 15ರಂದು ವಾಲ್‌ಸ್ಟ್ರೀಟಿನ ಹೂಡಿಕೆ ಬ್ಯಾಂಕು ಲೇಮನ್ ಬ್ರದರ್ಸ್ ದಿವಾಳಿ ಅರ್ಜಿ ಹಾಕಿತು. ಆಸ್ತಿ 63,900 ಕೋಟಿ ಡಾಲರ್, ಸಾಲ 61,300 ಕೋಟಿ. ಕಾಗದದ ಮೇಲೆ ಇನ್ನೂ 2,600 ಕೋಟಿ ಸ್ವಂತದ್ದು ಇದೆ, ಮತ್ತೆ ಮುಳುಗಿದ್ದು ಹೇಗೆ? ಅಡಿಕೆ ಯಾರ್ಡ್ ಕಂಡವರಿಗೆ ಇದು ಕಷ್ಟದ ಲೆಕ್ಕವಲ್ಲ. ಒಬ್ಬ ವ್ಯಾಪಾರಿ 4 ಲಕ್ಷ ಸ್ವಂತದ್ದು, 96 ಲಕ್ಷ ಸಾಲದ್ದು ಹಾಕಿ ಕ್ವಿಂಟಲಿಗೆ 40,000ದಂತೆ 250 ಕ್ವಿಂಟಲ್ ಚಾಲಿ ಅಡಿಕೆ ಖರೀದಿ ಮಾಡಿದ ಎನ್ನಿ. ದರ 38,400ಕ್ಕೆ ಇಳಿದರೆ ಅವನ 4 ಲಕ್ಷ ಪೂರ್ತಿ ಹೋಯಿತು. 1,600 ರೂಪಾಯಿ ಏರಿಳಿತ ನಮ್ಮ ಯಾರ್ಡಿಗೆ ಹೊಸದೇನಲ್ಲ. ಅದಕ್ಕಿಂತ ಕೆಟ್ಟದ್ದು ಸಾಲದ ಅವಧಿ. ನಮ್ಮಲ್ಲಿ ಆಸಾಮಿ ಸಾಲಕ್ಕೆ ವರ್ಷದ ಗಡುವಾದರೂ ಇರುತ್ತದೆ. ಲೇಮನ್ ತನ್ನ ಸಾಲದ ದೊಡ್ಡ ಪಾಲನ್ನು ರಾತ್ರಿಯಿಂದ ಬೆಳಗಿನವರೆಗೆ ಎತ್ತುತ್ತಿತ್ತು, ಬಾಂಡ್ ಒತ್ತೆಯಿಟ್ಟು, ಪ್ರತಿದಿನ ಹೊಸದಾಗಿ. ನಿನ್ನೆ 100 ರೂಪಾಯಿ ಮಾಲಿಗೆ 96 ಕೊಡುತ್ತಿದ್ದವನು ಇವತ್ತು 90 ಮಾತ್ರ ಎಂದರೆ, ಸಂಜೆಯೊಳಗೆ 6 ಲಕ್ಷ ನಗದು ಹುಟ್ಟಿಸಬೇಕು. ಇರುವುದೇ 4. ಮಾಲು ಮಾರಬೇಕು. ಅದೇ ಥರದ ಮಾಲು ಇಟ್ಟುಕೊಂಡ ಉಳಿದವರೂ ಅದೇ ಮಧ್ಯಾಹ್ನ ಮಾರಲು ಬಂದಿರುತ್ತಾರೆ, ದರ ಇನ್ನೂ ಬೀಳುತ್ತದೆ, ನಾಳೆ 85 ಎನ್ನುತ್ತಾರೆ.

ಮರುದಿನ, 16ರಂದು, ರಿಸರ್ವ್ ಪ್ರೈಮರಿ ಎಂಬ ನಿಧಿಯ 1 ಡಾಲರಿನ ಯೂನಿಟ್ 97 ಸೆಂಟಿಗೆ ಇಳಿಯಿತು. ಅದರ ಕೈಯಲ್ಲಿದ್ದ ಲೇಮನ್ ಕಾಗದ ಬರೀ 78.5 ಕೋಟಿ ಡಾಲರ್. ಇಡೀ ನಿಧಿಯಲ್ಲಿ ನೂರಕ್ಕೆ ಒಂದು ಚಿಲ್ಲರೆ. ಆದರೆ ಉಳಿತಾಯ ಖಾತೆಯಷ್ಟೇ ಭದ್ರ ಎಂದು ಜನ ದುಡ್ಡಿಟ್ಟ ಜಾಗ ಅದು. ಎಲ್ಲರೂ ಒಟ್ಟಿಗೆ ವಾಪಸು ಕೇಳಿದರು. ಇಂಥ ನಿಧಿಗಳೇ ದೊಡ್ಡ ಕಂಪನಿಗಳಿಗೆ ಸಂಬಳ, ಕಚ್ಚಾಮಾಲಿಗೆ ವಾರ-ತಿಂಗಳ ಕೈಸಾಲ ಕೊಡುತ್ತಿದ್ದವು. ಅದು ನಿಂತಿತು. ವಾಲ್‌ಸ್ಟ್ರೀಟಿನ ಬೆಂಕಿ ಕಾರ್ಖಾನೆಯ ಸಂಬಳದ ದಿನಕ್ಕೆ ಹತ್ತಿಕೊಂಡಿದ್ದು ಈ ದಾರಿಯಲ್ಲಿ.

ಲೇಮನ್ ಬಾಗಿಲು ಹಾಕಿದ ಆ ಸೋಮವಾರ ಬೆಳಿಗ್ಗೆ ಫ್ಲೋರಿಡಾದ ಜಾಕ್ಸನ್‌ವಿಲ್‌ನಲ್ಲಿ ಮೆಕೇನ್ ಹೇಳಿದ್ದು: ಕಾಲ ಬಹಳ ಕಷ್ಟದ್ದು, ಆದರೆ ನಮ್ಮ ಆರ್ಥಿಕತೆಯ ಬುನಾದಿ ಗಟ್ಟಿಯಾಗಿದೆ. ಟೀಕೆ ಬಂದ ಕೆಲವೇ ಗಂಟೆಗಳಲ್ಲಿ ಒರ್ಲಾಂಡೊದಲ್ಲಿ ಇನ್ನೊಂದು ಅರ್ಥ ಕೊಟ್ಟರು: ಬುನಾದಿ ಎಂದರೆ ಅಮೆರಿಕದ ದುಡಿಯುವ ಜನ. ಸಂಘದ ಠೇವಣಿ ವಾಪಸು ಕೊಡಲಾಗುತ್ತಿಲ್ಲವಲ್ಲ ಎಂದು ಕೇಳಿದರೆ "ನಮ್ಮ ಸದಸ್ಯರು ಶ್ರಮಜೀವಿಗಳು" ಎಂದ ಹಾಗೆ. ಆ ಜುಲೈನಲ್ಲಷ್ಟೇ ಅವರ ಆರ್ಥಿಕ ಸಲಹೆಗಾರ ಫಿಲ್ ಗ್ರ್ಯಾಮ್, ಇದು ಮನಸ್ಸಿನ ಹಿಂಜರಿತ, ನಮ್ಮದು ಗೊಣಗುವವರ ದೇಶವಾಗಿದೆ ಎಂದು ಹೇಳಿ ಹುದ್ದೆ ಬಿಡಬೇಕಾಗಿ ಬಂದಿತ್ತು. ಬ್ಯಾಂಕು, ವಿಮೆ, ಷೇರು ವ್ಯವಹಾರಗಳ ನಡುವಿನ ಗೋಡೆ ಕೆಡವಿದ 1999ರ ಕಾನೂನಿನಲ್ಲಿ ಇದೇ ಗ್ರ್ಯಾಮ್ ಹೆಸರಿದೆ. ಅದಕ್ಕೆ ಸಹಿ ಹಾಕಿದ್ದು ಕ್ಲಿಂಟನ್, ಸೆನೆಟಿನಲ್ಲಿ 90–8ರಿಂದ ಪಾಸಾಗಿದ್ದು ಡೆಮಾಕ್ರಟರ ಮತವೂ ಸೇರಿ. ಡೆಮಾಕ್ರಟರ ಪರ ಮಾತಾಡುವ ನಮ್ಮಂಥವರು ಕೈ ತೊಳೆದುಕೊಂಡು ಕೂರುವಂತಿಲ್ಲ.

ಮುಂದಿನ ದಿನಗಳು ಬೇಗ ಬೇಗ. 16ರ ಬೆಳಿಗ್ಗೆ, ವಿಮಾ ಕಂಪನಿ ಎಐಜಿಯನ್ನು ತೆರಿಗೆದಾರರ ಹಣದಲ್ಲಿ ಉಳಿಸಬಾರದು ಎಂದರು. ರಾತ್ರಿ ಅಲ್ಲಿಯ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ 8,500 ಕೋಟಿ ಡಾಲರ್ ಸಾಲ ಕೊಟ್ಟಿತು. 17ರಂದು, ಬೇರೆ ದಾರಿ ಇರಲಿಲ್ಲವೇನೋ ಎಂಬ ರಾಗ. ಅದೇ ವೇಳೆಗೆ, ಕಾರಣ ಹುಡುಕಲು ಆಯೋಗ ಬೇಕೆಂದರು. 18ರಂದು ಅಯೋವಾದಲ್ಲಿ, ತಾನು ಅಧ್ಯಕ್ಷನಾಗಿದ್ದರೆ ಷೇರುಪೇಟೆ ನಿಯಂತ್ರಣ ಆಯೋಗದ ಮುಖ್ಯಸ್ಥ ಕ್ರಿಸ್ಟೊಫರ್ ಕಾಕ್ಸ್‌ರನ್ನು ಕಿತ್ತುಹಾಕುತ್ತಿದ್ದೆ ಎಂದರು. 24ರಂದು ಪ್ರಚಾರವನ್ನೇ ನಿಲ್ಲಿಸಿ ವಾಷಿಂಗ್ಟನ್ನಿಗೆ ಹೋಗುತ್ತೇನೆ, ಒಬಾಮ ಜೊತೆಗಿನ ಶುಕ್ರವಾರದ ಚರ್ಚೆ ಮುಂದೂಡಿ ಎಂದರು.

25ರ ಸಂಜೆ ಶ್ವೇತಭವನದ ಸಭೆ. ಮೇಜಿನ ಮೇಲಿದ್ದದ್ದು ಬ್ಯಾಂಕುಗಳ ಕೈಯಲ್ಲಿದ್ದ ಕೆಟ್ಟ ಗೃಹಸಾಲದ ಕಾಗದ ಕೊಳ್ಳಲು ಖಜಾನೆ ಕಾರ್ಯದರ್ಶಿ ಹೆನ್ರಿ ಪಾಲ್ಸನ್ ಕೇಳಿದ 70,000 ಕೋಟಿ ಡಾಲರ್. ಡೆಮಾಕ್ರಟರ ಪರವಾಗಿ ಒಬಾಮ ಮಾತಾಡಿದರು. ಸಭೆ ನಡೆದದ್ದೇ ಮೆಕೇನ್ ಕೇಳಿಕೊಂಡರು ಎಂದು. ಅವರು ಬಹುಪಾಲು ಸುಮ್ಮನೆ ಕೂತಿದ್ದರು. ಕೆಳಮನೆಯ ರಿಪಬ್ಲಿಕನ್ನರು ಸರ್ಕಾರ ಕೊಳ್ಳುವ ಬದಲು ವಿಮೆ ಕೊಡಲಿ ಎಂಬ ತಮ್ಮದೇ ಯೋಜನೆ ಎತ್ತಿದಾಗ ಅದರ ಪರವೋ ವಿರೋಧವೋ ಎಂದೂ ಸ್ಪಷ್ಟವಾಗಿ ಹೇಳಲಿಲ್ಲ. 26ರಂದು ಮಿಸ್ಸಿಸ್ಸಿಪ್ಪಿಯ ಆಕ್ಸ್‌ಫರ್ಡಿಗೆ ಹಾರಿ ಚರ್ಚೆಯಲ್ಲಿ ನಿಂತರು. 29ರಂದು ಆ ಹಣದ ಮಸೂದೆ ಕೆಳಮನೆಯಲ್ಲಿ 205–228ರಿಂದ ಬಿತ್ತು. ಅವರದೇ ಪಕ್ಷದಲ್ಲಿ ಪರ 65, ವಿರೋಧ 133. ಷೇರು ಸೂಚ್ಯಂಕ ಡೌ ಜೋನ್ಸ್ ಒಂದೇ ದಿನ 777 ಅಂಶ ಕುಸಿಯಿತು. ಪ್ರಚಾರ ನಿಲ್ಲಿಸಿ ಹೋದದ್ದು ತನ್ನವರ ಮತ ತರಲೆಂದಾದರೆ, ಆ 65 ಎಂಬ ಅಂಕಿ ಸಾಕು.

ಆಕ್ಸ್‌ಫರ್ಡ್ ಚರ್ಚೆಯಲ್ಲಿ ಅವರ ಮುಖ್ಯ ಮದ್ದು, ಸಂಸದರು ತಮ್ಮೂರಿನ ಕಾಮಗಾರಿಗೆ ಬಜೆಟ್ಟಿನಲ್ಲಿ ಹಣ ತುರುಕುವುದನ್ನು ನಿಲ್ಲಿಸುವುದು. ಅದರ ಮೊತ್ತ ವರ್ಷಕ್ಕೆ 1,800 ಕೋಟಿ ಡಾಲರ್ ಎಂದು ಚರ್ಚೆಯಲ್ಲೇ ಬಂತು. ಎಐಜಿಗೆ ಒಂದೇ ರಾತ್ರಿ ಕೊಟ್ಟದ್ದರ ಕಾಲುಭಾಗವೂ ಅಲ್ಲ. ಜೊತೆಗೆ ರಕ್ಷಣೆ, ಮಾಜಿ ಸೈನಿಕರು, ಪಿಂಚಣಿಯಂಥವು ಬಿಟ್ಟು ಉಳಿದ ಖರ್ಚೆಲ್ಲ ಇದ್ದಲ್ಲೇ ನಿಲ್ಲಿಸೋಣ ಎಂದರು. ಜನ ಕೊಳ್ಳುವುದನ್ನು ನಿಲ್ಲಿಸಿ, ಕಂಪನಿಗಳು ಹೂಡುವುದನ್ನು ನಿಲ್ಲಿಸಿದಾಗ ಸರ್ಕಾರವೂ ಕೈ ಕಟ್ಟಿದರೆ ಕೆಲಸ ಕೊಡುವವರು ಯಾರೂ ಉಳಿಯುವುದಿಲ್ಲ. ಅದೇ ಉಸಿರಿನಲ್ಲಿ ಕಂಪನಿ ತೆರಿಗೆ 35ರಿಂದ 25ಕ್ಕೆ ಇಳಿಸುವ ಮಾತು, ಒಮ್ಮೆ ತಾವೇ ವಿರೋಧಿಸಿದ್ದ ಬುಷ್ ತೆರಿಗೆ ಕಡಿತವನ್ನು ಕಾಯಂ ಮಾಡುವ ಮಾತು.

ಇವೆಲ್ಲ ಭಾಷಣದ ಎಡವಟ್ಟು ಎಂದು ಬಿಟ್ಟುಬಿಡಬಹುದು. ಅಕ್ಟೋಬರ್ 7ರಂದು ನ್ಯಾಶ್‌ವಿಲ್‌ನಲ್ಲಿ ಮಂಡಿಸಿದ ಯೋಜನೆಯನ್ನು ಬಿಡಲಾಗುವುದಿಲ್ಲ, ಯಾಕೆಂದರೆ ಕೇಳಲು ಅದು ಬಡವರ ಪರ. ಕೆಟ್ಟ ಗೃಹಸಾಲಗಳನ್ನು ಖಜಾನೆ ನೇರ ಕೊಂಡು, ಮನೆಯ ಈಗಿನ ಬೆಲೆಗೆ ಹೊಸ ಸಾಲ ಮಾಡಿಕೊಡಲಿ; ಒಟ್ಟು 30,000 ಕೋಟಿ ಡಾಲರ್. ಲೆಕ್ಕ ಹಾಕಿ ನೋಡಿ. ಮನೆಯ ಮೇಲಿನ ಸಾಲ 2 ಲಕ್ಷ ಡಾಲರ್, ಮನೆಯ ಈಗಿನ ಬೆಲೆ 1.4 ಲಕ್ಷ. ಮೆಕೇನ್ ಯೋಜನೆಯಲ್ಲಿ ಸರ್ಕಾರ ಬ್ಯಾಂಕಿಗೆ ಮುಖಬೆಲೆ 2 ಲಕ್ಷ ಕೊಟ್ಟು, ಮನೆಯವನಿಗೆ 1.4 ಲಕ್ಷದ ಹೊಸ ಸಾಲ ಬರೆಯುತ್ತದೆ. ನಡುವಿನ 60,000 ಖಜಾನೆಯ ತಲೆಗೆ. ಎಚ್ಚರವಿಲ್ಲದೆ ಸಾಲ ಕೊಟ್ಟವನಿಗೆ ಒಂದು ಪೈಸೆ ಲುಕ್ಸಾನಿಲ್ಲ. ಅದೇ ವರ್ಷ ಜುಲೈನಲ್ಲಿ ಆಗಿದ್ದ ಕಾನೂನಿನಲ್ಲಿ ಹೀಗಿರಲಿಲ್ಲ. ಅದರಂತೆ ಹೊಸ ಸಾಲ ಈಗಿನ ಬೆಲೆಯ ಶೇಕಡಾ 90, ಅಂದರೆ 1.26 ಲಕ್ಷ, ಉಳಿದ 74,000 ಬ್ಯಾಂಕೇ ನುಂಗಬೇಕು. ಸರ್ಕಾರ ಕೊಡುವುದು ಜಾಮೀನು ಮಾತ್ರ. ಆ ಕಾನೂನೂ ಕೆಲಸ ಮಾಡಲಿಲ್ಲ ಎನ್ನುವುದು ನಿಜ. ಬ್ಯಾಂಕು ಒಪ್ಪಿದರೆ ಮಾತ್ರ ಎಂಬ ಷರತ್ತಿತ್ತು, ಬ್ಯಾಂಕುಗಳು ಒಪ್ಪಲಿಲ್ಲ. ಅದಕ್ಕೆ ಮದ್ದು ಒಪ್ಪಿಗೆಯನ್ನು ಕಡ್ಡಾಯ ಮಾಡುವುದೇ ಹೊರತು ಅವರ ನಷ್ಟ ತುಂಬಿಕೊಡುವುದಲ್ಲ.

ಇನ್ನೊಂದು ತೊಡಕೂ ಇತ್ತು. ನಮ್ಮಲ್ಲಿ ತೋಟದ ಮೇಲೆ ಸಾಲ ತೆಗೆದರೆ ಪಹಣಿಯ 11ನೇ ಕಾಲಂನಲ್ಲಿ ಯಾವ ಸಂಘದ ಬೋಜಾ ಎಂದು ಬರೆದಿರುತ್ತದೆ. ಸಾಲ ಕೊಟ್ಟ ಸಂಘವೇ ವಸೂಲಿಗೂ ಬರುತ್ತದೆ, ಕೊಳೆರೋಗ ಬಂದ ವರ್ಷ ಗಡುವು ಮುಂದೂಡಿ ಎಂದು ಕೇಳಲು ಒಂದು ಬಾಗಿಲಿದೆ. ಅಲ್ಲಿ ಸಾಲ ಕೊಟ್ಟವನು ಕೆಲವೇ ವಾರಗಳಲ್ಲಿ ಅದನ್ನು ಮಾರಿ, ಕೊಂಡವನು ಸಾವಿರಾರು ಸಾಲಗಳ ಜೊತೆ ಸೇರಿಸಿ ಹೋಳು ಮಾಡಿ, ಹೋಳುಗಳನ್ನು ಜಗತ್ತಿಡೀ ಹಂಚಿದ್ದ. ಕಂತು ವಸೂಲು ಮಾಡುವ ಕಂಪನಿಗೆ ಸಾಲ ಮನ್ನಾ ಮಾಡುವ ಹಕ್ಕು ಸುಲಭಕ್ಕಿಲ್ಲ. ಒಂದು ಮನೆಯ ಸಾಲವನ್ನು "ಕೊಂಡುಬಿಡುತ್ತೇನೆ" ಎಂದರೆ ಯಾರಿಂದ? ಯೋಜನೆಯಲ್ಲಿ ಇದಕ್ಕೆ ಉತ್ತರ ಇರಲಿಲ್ಲ.

ನಮಗೇಕೆ ಈ ಉಸಾಬರಿ ಎನ್ನುವವರು ಆ ವರ್ಷದ ಬೇಲೆಕೇರಿ ಬಂದರನ್ನು ನೆನಪಿಸಿಕೊಳ್ಳಬೇಕು. ಅರಬೈಲ್ ಘಟ್ಟ ಇಳಿದು ಬರುತ್ತಿದ್ದ ಅದಿರು ಲಾರಿಗಳ ಸಾಲಿನ ಇನ್ನೊಂದು ತುದಿ ಚೀನಾದ ಉಕ್ಕಿನ ಕುಲುಮೆ, ಆ ಉಕ್ಕಿನ ಸರಕಿಗೆ ದೊಡ್ಡ ಗಿರಾಕಿ ಅಮೆರಿಕ. ಅದಿರಿನಂಥ ಸರಕು ಸಾಗಿಸುವ ಹಡಗು ಬಾಡಿಗೆಯ ಬಾಲ್ಟಿಕ್ ಸೂಚ್ಯಂಕ ಮೇ ತಿಂಗಳಲ್ಲಿ 11,793 ಇದ್ದದ್ದು ಡಿಸೆಂಬರ್ ಮೊದಲ ವಾರ 663ಕ್ಕೆ ಬಿತ್ತು. ಜನವರಿಯಲ್ಲಿ 21,000 ಮುಟ್ಟಿದ್ದ ಸೆನ್ಸೆಕ್ಸ್ ಅಕ್ಟೋಬರ್ 27ರಂದು 8,000ದ ಕೆಳಗೆ ಇಣುಕಿತು. ರಿಸರ್ವ್ ಬ್ಯಾಂಕು ಬ್ಯಾಂಕುಗಳ ನಗದು ಮೀಸಲನ್ನು ಅಕ್ಟೋಬರ್‌ನಿಂದ ಜನವರಿಯೊಳಗೆ ಶೇಕಡಾ 9ರಿಂದ 5ಕ್ಕೆ ಇಳಿಸಿತು. ಇಳಿಸಲು ಜಾಗ ಇತ್ತು, ಯಾಕೆಂದರೆ ಒಳ್ಳೆಯ ವರ್ಷಗಳಲ್ಲಿ ಏರಿಸಿಟ್ಟಿದ್ದರು, ವೈ.ವಿ. ರೆಡ್ಡಿ ಗವರ್ನರ್ ಆಗಿದ್ದಾಗ ಗೃಹಸಾಲದ ಮೇಲಿನ ರಿಸ್ಕ್ ವೇಟ್ ಅನ್ನೂ (ಸಾಲಕ್ಕೆ ಎದುರಾಗಿ ಬ್ಯಾಂಕು ಎಷ್ಟು ಸ್ವಂತ ಬಂಡವಾಳ ಇಡಬೇಕೆಂಬ ಅಳತೆ) 50ರಿಂದ 75ಕ್ಕೆ ಏರಿಸಿದ್ದರು. ಆಗ ಬಿಲ್ಡರುಗಳು ಬೈದಿದ್ದರು.

ಕೆಳಮನೆಯಲ್ಲಿ ಬಿದ್ದಿದ್ದ 70,000 ಕೋಟಿಯ ಮಸೂದೆ ಅಕ್ಟೋಬರ್ 1ರಂದು ಸೆನೆಟಿನಲ್ಲಿ ಮತ್ತೆ ಬಂದು 74–25ರಿಂದ ಪಾಸಾಯಿತು. ಒಬಾಮ ಪರ, ಮೆಕೇನ್ ಪರ. ಮತ ಸೆಳೆಯಲು ಅದಕ್ಕೆ ಏನೇನೋ ಕಟ್ಟಿದ್ದರು; ಮಕ್ಕಳು ಆಡುವ ಮರದ ಬಾಣಗಳಿಗೆ ಅಬಕಾರಿ ತೆರಿಗೆ ವಿನಾಯಿತಿ ಕೂಡ. ಐದು ದಿನದ ಹಿಂದೆ ಇಂಥ ತುರುಕುವಿಕೆಯೇ ದೇಶದ ರೋಗ ಎಂದವರು ಬಾಣ ಸಮೇತ ಒಪ್ಪಿದರು. ಒಪ್ಪಿದ್ದನ್ನು ನಾನು ತಪ್ಪೆನ್ನುವುದಿಲ್ಲ, ಆವತ್ತು ಅದು ಪಾಸಾಗಲೇಬೇಕಿತ್ತು.

ಆದರೆ 2010ರಲ್ಲಿ, ಅರಿಝೋನಾದಲ್ಲಿ ಸ್ವಂತ ಪಕ್ಷದೊಳಗೇ ಪೈಪೋಟಿ ಎದ್ದಾಗ, ಮೆಕೇನ್ ವರಸೆ ಬದಲಿಸಿದರು: ಹಣ ಗೃಹಸಾಲದ ಸಮಸ್ಯೆಗೆ ಎಂದು ಪಾಲ್ಸನ್ ಮತ್ತು ಫೆಡರಲ್ ರಿಸರ್ವ್ ಅಧ್ಯಕ್ಷ ಬರ್ನಾಂಕಿ ತನ್ನನ್ನು ದಾರಿತಪ್ಪಿಸಿದರು, ಅದು ವಾಲ್‌ಸ್ಟ್ರೀಟಿಗೆ ಹೋಯಿತು. ಪಾಲ್ಸನ್ ಅಕ್ಟೋಬರ್ 14ರಂದೇ 25,000 ಕೋಟಿ ಡಾಲರನ್ನು ಬ್ಯಾಂಕುಗಳ ಷೇರು ಬಂಡವಾಳಕ್ಕೆ ತಿರುಗಿಸಿದ್ದು ಹೌದು. ತಿರುಗಿಸಲು ಅಧಿಕಾರ ಎಲ್ಲಿತ್ತು? ಅದೇ ಕಾನೂನಿನ 3ನೇ ಸೆಕ್ಷನ್ನಿನಲ್ಲಿ "ತೊಂದರೆಯಲ್ಲಿರುವ ಆಸ್ತಿ" ಎಂಬುದರ ವ್ಯಾಖ್ಯೆ ಎರಡು ಉಪವಿಧಿಗಳಲ್ಲಿದೆ. ಮೊದಲನೆಯದು ಗೃಹಸಾಲ ಮತ್ತು ಅದರ ಮೇಲೆ ಹುಟ್ಟಿದ ಕಾಗದಗಳು. ಎರಡನೆಯದು, ಫೆಡರಲ್ ರಿಸರ್ವ್ ಅಧ್ಯಕ್ಷರ ಜೊತೆ ಸಮಾಲೋಚಿಸಿ ಖಜಾನೆ ಕಾರ್ಯದರ್ಶಿ ಅಗತ್ಯವೆಂದು ತೀರ್ಮಾನಿಸುವ ಬೇರೆ ಯಾವುದೇ ಹಣಕಾಸು ಪತ್ರ. ಅವರು ಪರವಾಗಿ ಮತ ಹಾಕಿದ ದಿನವೂ ಆ ಉಪವಿಧಿ ಅಲ್ಲೇ ಇತ್ತು.